ಜೊತೆಗಾರ ಸತ್ತ ದುಃಖಕ್ಕೆ ಬೆಕ್ಕು ಊಟ ಬಿಟ್ಟರೆ ‘ನಾಕ್ ದಿನ ನೋಡೂಣು’ ಅನ್ನಬೇಡಿ

ಬಾಗಲಕೋಟೆ ನವನಗರದ ಒಂದು ಮನೆಯಲ್ಲಿ ಆದದ್ದನ್ನು, ಬೆಕ್ಕು ಸಾಕಿದ ಎಲ್ಲರಿಗೂ ಗೊತ್ತಾಗಲಿ ಎಂದು ಇಲ್ಲಿ ಬರೆಯುತ್ತಿದ್ದೇವೆ. ಮನೆಯಲ್ಲಿ ಎರಡು ಬೆಕ್ಕುಗಳಿದ್ದವು. ವಯಸ್ಸಾಗಿದ್ದ ಹೆಣ್ಣು ಬೆಕ್ಕು ಕಿಡ್ನಿ ಕೆಟ್ಟು ಸತ್ತಿತು. ಉಳಿದದ್ದು 6 ಕಿಲೋ ತೂಗುವ, ಮೈತುಂಬಿಕೊಂಡ ಗಂಡು. ಮಣ್ಣು ಮಾಡಿದ ದಿನ ಅದು ರಾತ್ರಿಯೆಲ್ಲ ಕೋಣೆ ಕೋಣೆ ಸುತ್ತಿ ಒದರಿತು. ಮರುದಿನದಿಂದ ತಿಜೋರಿಯ ಹಿಂದೆ ಸೇರಿಕೊಂಡು ತಾಟು ಮುಟ್ಟಲಿಲ್ಲ. ಓಣಿಯವರೆಲ್ಲ ಹೇಳಿದ್ದು ಒಂದೇ ಮಾತು: “ಜೋಡಿ ಹೋಗೈತಲ್ರೀ, ಅದಕ್ಕೂ ದುಃಖ ಆಗಿರ್ತೈತಿ. ನಾಕ್ ದಿನ ಬಿಡ್ರಿ, ಹೊಟ್ಟಿ ಹಸದ್ರ ತಾನ ತಿಂತೈತಿ.”

ನಾಲ್ಕು ದಿನ ಬಿಟ್ಟರು. ಐದನೇ ದಿನ ಸಿರಿಂಜಿನಲ್ಲಿ ಹಾಲು ಕುಡಿಸಿದಾಗ ವಾಂತಿಯಾಯಿತು, ಜೊಲ್ಲು ಸುರಿಯತೊಡಗಿತು. ಆರನೇ ದಿನ ಬಿಸಿಲಿಗೆ ಎತ್ತಿಕೊಂಡು ನೋಡಿದರೆ ಕಿವಿಯ ಒಳಗಿನ ಚರ್ಮ ಅರಿಷಿಣ ಸವರಿದಂತೆ ಹಳದಿ. ವಸಡೂ ಹಾಗೇ. ಆಸ್ಪತ್ರೆಗೆ ಒಯ್ದು ಸಲೈನ್ ಹಚ್ಚಿಸಿದರೂ ಬೆಕ್ಕು ಉಳಿಯಲಿಲ್ಲ.

ಓಣಿಯವರು ಹೇಳಿದ ದುಃಖ ಸುಳ್ಳಲ್ಲ. ಅಮೆರಿಕದ ಪ್ರಾಣಿ ದಯಾ ಸಂಸ್ಥೆ ಎಎಸ್‌ಪಿಸಿಎ 1996ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಜೊತೆಗಾರ ಬೆಕ್ಕು ಸತ್ತ ಮೇಲೆ ಶೇ 46ರಷ್ಟು ಬೆಕ್ಕುಗಳ ಊಟ ಕಡಿಮೆಯಾಗಿತ್ತು. ಹುಡುಕಾಡುವುದು, ವಿಪರೀತ ಕೂಗುವುದು ಅಥವಾ ಪೂರಾ ಸುಮ್ಮನಾಗುವುದು, ಸತ್ತ ಬೆಕ್ಕು ಮಲಗುತ್ತಿದ್ದ ಜಾಗದಲ್ಲೇ ಹೋಗಿ ಮಲಗುವುದು, ಮೈ ನೆಕ್ಕಿಕೊಳ್ಳುವುದನ್ನು ಬಿಟ್ಟು ಕೂದಲು ಗಂಟುಗಟ್ಟುವುದು, ಇಲ್ಲವೇ ಒಂದೇ ಕಡೆ ನೆಕ್ಕಿ ನೆಕ್ಕಿ ಬೋಳು ಮಾಡಿಕೊಳ್ಳುವುದು, ಇವೆಲ್ಲ ಕಾಣುತ್ತವೆ. ಮಗ ಧಾರವಾಡದ ಹಾಸ್ಟೆಲ್ಲಿಗೆ ಹೋದಾಗ, ಮನೆ ಬದಲಿಸಿದಾಗಲೂ ಇದೇ ಆಗುತ್ತದೆ. ಬೆಕ್ಕು ಉಣ್ಣುತ್ತಿದೆ, ಉಚ್ಚೆ ಸರಿಯಾಗಿ ಹೋಗುತ್ತಿದೆ ಎಂದಾದರೆ ಇದಕ್ಕೆಲ್ಲ ವಾರಗಟ್ಟಲೆ, ಬೇಕಾದರೆ ಕೆಲವು ತಿಂಗಳು ಕಾಯಬಹುದು. ಊಟ ಬಿಟ್ಟರೆ ಮಾತ್ರ ಕಾಯುವಂತಿಲ್ಲ.

ಕಾರಣ ಬೆಕ್ಕಿನ ಲಿವರಿನಲ್ಲಿದೆ. ಊಟ ನಿಂತಾಗ ಮೈಯಲ್ಲಿದ್ದ ಕೊಬ್ಬು ಕರಗಿ ಲಿವರಿಗೆ ಬರುತ್ತದೆ. ಅಷ್ಟು ಕೊಬ್ಬನ್ನು ಬಳಸಿ ಹೊರಗೆ ಕಳಿಸಲು ಬೇಕಾದ ಪ್ರೋಟೀನು ಊಟದಿಂದಲೇ ಬರಬೇಕು. ಊಟ ಇಲ್ಲದ್ದರಿಂದ ಕೊಬ್ಬು ಅಲ್ಲೇ ತುಂಬಿಕೊಂಡು ಲಿವರ್ ಕೆಲಸ ನಿಲ್ಲಿಸುತ್ತದೆ. ಹೆಪ್ಯಾಟಿಕ್ ಲಿಪಿಡೋಸಿಸ್ ಎನ್ನುವುದು ಇದಕ್ಕೇ. ದಪ್ಪ ಬೆಕ್ಕಿಗೆ ಅಪಾಯ ಹೆಚ್ಚು, ಏಕೆಂದರೆ ಕರಗಲು ಕೊಬ್ಬು ಬೇಕಾದಷ್ಟಿರುತ್ತದೆ. ‘ಮೈಯಾಗ ಕಸುವೈತಿ, ತಡೀತೈತಿ’ ಎಂಬ ಲೆಕ್ಕ ಇಲ್ಲಿ ತಲೆಕೆಳಗು. ‘ಹಸಿದರೆ ತಾನೇ ತಿನ್ನುತ್ತದೆ’ ಎಂಬುದೂ ತಪ್ಪು. ಲಿವರ್ ಕೆಟ್ಟಂತೆಲ್ಲ ವಾಕರಿಕೆ ಹೆಚ್ಚಾಗುತ್ತದೆ, ಹಸಿವೇ ಸಾಯುತ್ತದೆ. ತಡಮಾಡಿದಷ್ಟೂ ಬೆಕ್ಕು ತಾನಾಗಿ ತಿನ್ನುವ ಸಾಧ್ಯತೆ ಕಡಿಮೆಯಾಗುತ್ತ ಹೋಗುತ್ತದೆ.

ಆದ್ದರಿಂದ 24 ಗಂಟೆ ಏನೂ ತಿನ್ನದಿದ್ದರೆ ಪಶುವೈದ್ಯರಿಗೆ ಫೋನ್ ಮಾಡಿ. 48 ಗಂಟೆಯೊಳಗೆ ಬೆಕ್ಕು ವೈದ್ಯರ ಮೇಜಿನ ಮೇಲಿರಬೇಕು. ಮರಿಯಾದರೆ ಅರ್ಧ ದಿನವೂ ಕಾಯಬೇಡಿ. ದಿನಾ ಒಂದೆರಡು ತುತ್ತು ತಿಂದು ಬಿಡುವ ಬೆಕ್ಕೂ ಇದೇ ದಾರಿಯಲ್ಲಿರುತ್ತದೆ, ಹಾಗಾಗಿ ಅಳೆದು ನೋಡಿ. 4 ಕಿಲೋ ಬೆಕ್ಕಿಗೆ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು. ಅಂದರೆ ಪ್ಯಾಕೆಟ್ಟಿನ ಒಣ ಆಹಾರ ಸುಮಾರು 55 ಗ್ರಾಂ. ಇದರ ಅರ್ಧಕ್ಕಿಂತ ಕಡಿಮೆ ಎರಡು ಮೂರು ದಿನ ನಡೆದರೂ ತೋರಿಸಲೇಬೇಕು. ಬೆಕ್ಕನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ನೀವೊಬ್ಬರೇ ನಿಂತು, ಕಳೆದರೆ ಅದರ ತೂಕ ಸಿಗುತ್ತದೆ. 4 ಕಿಲೋದಲ್ಲಿ 400 ಗ್ರಾಂ ಇಳಿದರೆ ಅದು ಸಣ್ಣ ಇಳಿತವಲ್ಲ.

ಮೊದಲ ದಿನ ಮನೆಯಲ್ಲಿ ಮಾಡಬಹುದಾದದ್ದು ಇಷ್ಟು. ಉಪ್ಪು, ಉಳ್ಳಾಗಡ್ಡಿ, ಬಳ್ಳೊಳ್ಳಿ ಯಾವುದೂ ಹಾಕದೆ ಕೋಳಿ ಅಥವಾ ಮುಳ್ಳು ತೆಗೆದ ಮೀನು ಬೇಯಿಸಿ, ಕೈಗೆ ಬೆಚ್ಚಗೆ ತಾಗುವಷ್ಟು ಬಿಸಿಯಲ್ಲಿ, ಅಗಲ ತಟ್ಟೆಯಲ್ಲಿ ಅದು ಅಡಗಿದ ಜಾಗದ ಹತ್ತಿರವೇ ಇಡಿ. ಬೆಕ್ಕು ತಿನ್ನುವುದು ವಾಸನೆಯಿಂದ. ಫ್ರಿಜ್ಜಿನಿಂದ ತೆಗೆದ ತಣ್ಣನೆಯದಕ್ಕೆ ವಾಸನೆಯೇ ಇರುವುದಿಲ್ಲ. ಮನೆಯ ಸಾರಿನಲ್ಲಿರುವ ಉಳ್ಳಾಗಡ್ಡಿ, ಬಳ್ಳೊಳ್ಳಿ ಬೆಕ್ಕಿನ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ, ಸಾರು ಕಲಸಿದ ಅನ್ನ ಬೇಡ. ಹಾಲು-ರೊಟ್ಟಿಯೂ ಬೇಡ, ದೊಡ್ಡ ಬೆಕ್ಕುಗಳಿಗೆ ಹೆಚ್ಚಾಗಿ ಹಾಲು ಅರಗದೆ ಭೇದಿಯಾಗುತ್ತದೆ. ಬೆಕ್ಕು ಉಚ್ಚೆ ಹೊಯ್ಯುವ ಉಸುಕಿನ ಟ್ರೇ ಊಟದಿಂದ ದೂರವಿರಲಿ. ಸಿರಿಂಜಿನಿಂದ ಬಾಯಿಗೆ ಒತ್ತಿ ಹಾಕಬೇಡಿ. ಅದು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ, ಹೋಗದಿದ್ದರೂ ಆ ಊಟದ ವಾಸನೆಗೇ ಬೆಕ್ಕು ಮುಖ ತಿರುಗಿಸುವಂತಾಗುತ್ತದೆ.

ಸಾವಾದ ಮನೆ ಎಂದು ನೆಲವನ್ನೆಲ್ಲ ಫಿನಾಯಿಲ್ ಹಾಕಿ ತೊಳೆಯುವುದು ನಮ್ಮಲ್ಲಿ ಸಾಮಾನ್ಯ. ಫಿನಾಯಿಲ್ ಬೆಕ್ಕಿಗೆ ವಿಷ. ಒದ್ದೆ ನೆಲದ ಮೇಲೆ ನಡೆದು ಪಂಜ ನೆಕ್ಕಿಕೊಂಡರೂ ಹೊಟ್ಟೆಗೆ ಹೋಗುತ್ತದೆ. ಹಳೆಯ ಜೊತೆಗಾರನ ಹಾಸಿಗೆ ಬಟ್ಟೆಯನ್ನೂ ತಕ್ಷಣ ಒಗೆಯಬೇಕಿಲ್ಲ, ಆ ವಾಸನೆ ಸ್ವಲ್ಪ ದಿನ ಇರಲಿ.

ಆದರೆ ಮೊದಲ ಬೆಕ್ಕು ವಾಂತಿ, ಭೇದಿ, ಜ್ವರದಿಂದ ಸತ್ತಿದ್ದರೆ ಮಾತೇ ಬೇರೆ. ಪ್ಯಾನ್‌ಲ್ಯೂಕೋಪೀನಿಯಾ (ಬೆಕ್ಕಿನಿಂದ ಬೆಕ್ಕಿಗೆ ಅಂಟುವ ವೈರಸ್ ರೋಗ) ಆಗಿದ್ದರೆ ಎರಡನೆಯದು ಹತ್ತು ದಿನದೊಳಗೆ ಮಂಕಾಗುವುದು ದುಃಖದಿಂದಲ್ಲ, ಅದೇ ವೈರಸ್ಸಿನಿಂದ. ಆಗ ಹಾಸಿಗೆಯನ್ನು ಸುಟ್ಟುಬಿಡಿ. 1 ಭಾಗ ಬ್ಲೀಚಿಗೆ 32 ಭಾಗ ನೀರು ಬೆರೆಸಿ ನೆಲದ ಮೇಲೆ 10 ನಿಮಿಷ ಬಿಟ್ಟು, ಚೆನ್ನಾಗಿ ತೊಳೆದು ಒಣಗಿಸಿ. ಮೊದಲನೆಯದು ಇಲಿ ಪಾಷಾಣದಿಂದ ಸತ್ತಿದ್ದರೆ ಎರಡನೆಯದೂ ಅದನ್ನೇ ತಿಂದಿರಬಹುದು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಪಾಷಾಣದ ಲಕ್ಷಣ ಕಾಣಲು ಎರಡರಿಂದ ಐದು ದಿನ ಬೇಕು. ಗಂಡು ಬೆಕ್ಕು ಮೂಲೆ ಸೇರಿ, ಮತ್ತೆ ಮತ್ತೆ ಟ್ರೇಗೆ ಹೋಗಿ ತಿಣುಕಿ ತಿಣುಕಿ ಉಚ್ಚೆ ಬಾರದೆ ಎದ್ದು ಬಂದರೆ ಮೂತ್ರನಾಳ ಕಟ್ಟಿದೆ ಎಂದರ್ಥ, ಬೆಳಗಾಗುವವರೆಗೂ ಕಾಯಬೇಡಿ. ರೇಬಿಸ್ ಲಸಿಕೆ ಆಗದ ಬೆಕ್ಕು ಇದ್ದಕ್ಕಿದ್ದಂತೆ ಅಡಗಿ, ಮುಟ್ಟಿದರೆ ಕಚ್ಚಲು ಬಂದರೆ ಕೈಹಾಕಿ ಎಳೆಯಬೇಡಿ. ಕಚ್ಚಿದರೆ ಸೋಪು ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ತೊಗೊಳ್ಳಿ.

ಮೆಡಿಕಲ್ ಅಂಗಡಿಯಿಂದ ಏನನ್ನೂ ತರಬೇಡಿ. ಪ್ಯಾರಾಸಿಟಮಾಲ್ ಅರ್ಧ ಗುಳಿಗೆಯೂ ಬೆಕ್ಕನ್ನು ಕೊಲ್ಲಬಲ್ಲದು. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲ. ವಸಡು ಕಂದು ಬಣ್ಣಕ್ಕೆ ತಿರುಗಿ ಮುಖ, ಪಂಜ ಬಾಯುತ್ತವೆ. ಹಸಿವಿಗೆಂದು ವೈದ್ಯರು ಕೊಡುವ ಮಿರ್ಟಾಜಪಿನ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ, ಆದರೆ ಮನುಷ್ಯರ 15 ಮಿಲಿಗ್ರಾಂ ಗುಳಿಗೆಯ ಎಂಟನೇ ಒಂದು ಭಾಗದಷ್ಟೇ ಬೆಕ್ಕಿನ ಸಾಮಾನ್ಯ ಡೋಸು, ಅದೂ ದಿನಾ ಅಲ್ಲ. ಮನುಷ್ಯರ ಖಿನ್ನತೆಯ ಫ್ಲುಯಾಕ್ಸೆಟಿನ್ ಬೆಕ್ಕಿನ ಹಸಿವನ್ನು ಇನ್ನೂ ಇಳಿಸಬಹುದು.

ನಮ್ಮ ಭಾಗದ ಪಶು ಆಸ್ಪತ್ರೆಗಳಿಗೆ ಬರುವುದು ಹೆಚ್ಚಾಗಿ ಎಮ್ಮೆ, ಆಕಳು, ಕುರಿ, ಆಡು. ಬೆಕ್ಕು ನೋಡುವವರು ಯಾರು, ರಕ್ತ ತಪಾಸಣೆ ಎಲ್ಲಿ ಆಗುತ್ತದೆ, ಊಟ ಕೊಡಲು ಕುತ್ತಿಗೆಯ ಮೂಲಕ ಅನ್ನನಾಳಕ್ಕೆ ನಳಿಕೆ ಹಾಕುವವರು ಬಾಗಲಕೋಟೆಯಲ್ಲೋ ವಿಜಯಪುರದಲ್ಲೋ ಬೆಳಗಾವಿಯಲ್ಲೋ ಎಂಬುದನ್ನು ಬೆಕ್ಕು ಗಟ್ಟಿಯಾಗಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ. ಲಿವರ್ ಕೆಟ್ಟ ಬೆಕ್ಕನ್ನು ಉಳಿಸುವುದು ಊಟ. ಬರೀ ಸಲೈನ್ ಸಾಲದು. ಆ ಊಟವನ್ನು ನಳಿಕೆಯಲ್ಲಿ ಮೊದಲ ದಿನ ಬೇಕಾದದ್ದರ ಕಾಲುಭಾಗದಿಂದ ಶುರುಮಾಡಿ ಮೂರು ನಾಲ್ಕು ದಿನದಲ್ಲಿ ಪೂರ್ತಿಗೆ ಏರಿಸುತ್ತಾರೆ. ಒಮ್ಮೆಲೇ ಪೂರಾ ಹಾಕಿದರೆ ರಕ್ತದಲ್ಲಿನ ಪೊಟ್ಯಾಸಿಯಂ, ರಂಜಕ ಕುಸಿದು ಅದೇ ಜೀವಕ್ಕೆ ಎರವಾಗುತ್ತದೆ. ತಾನಾಗಿ ಉಣ್ಣಲು ಮೂರರಿಂದ ಆರು ವಾರ ಹಿಡಿಯಬಹುದು, ಮನೆಯಲ್ಲಿ ದಿನಕ್ಕೆ ನಾಲ್ಕೈದು ಸಲ ನಳಿಕೆಯಲ್ಲಿ ಹಾಕುವವರು ಬೇಕು. ಹೋಗುವಾಗ ಕೊನೆಗೆ ಊಟ ಮಾಡಿದ್ದು ಯಾವಾಗ, ಉಚ್ಚೆ ಹೊಯ್ದದ್ದು ಯಾವಾಗ, ಮೊದಲಿನ ತೂಕ ಎಷ್ಟು, ಜೊತೆಗಾರ ಸತ್ತದ್ದು ಯಾವುದರಿಂದ ಎಂಬುದನ್ನು ಚೀಟಿಯಲ್ಲಿ ಬರೆದು ಒಯ್ಯಿರಿ.

ಬೇಸರ ಕಳೆಯಲಿ ಎಂದು ಕೂಡಲೇ ಮರಿ ತಂದುಬಿಡುವುದೂ ಬೇಡ. ದುಃಖದಲ್ಲಿರುವ ಬೆಕ್ಕಿಗೆ ಗುರುತಿಲ್ಲದ ಮರಿ ಇನ್ನೊಂದು ಹೆದರಿಕೆ ಅಷ್ಟೇ. ಹಳೆಯ ಬೆಕ್ಕು ಪೂರ್ತಿ ಉಣ್ಣುತ್ತಿದೆ, ತೂಕ ನಿಂತಿದೆ ಎಂದು ಖಾತ್ರಿಯಾದ ಮೇಲೆ ತನ್ನಿ. ಎರಡು ವಾರ ಬೇರೆ ಕೋಣೆಯಲ್ಲಿಡಿ, ಲಸಿಕೆ ಹಾಕಿಸಿ, ಮೊದಲು ಹಾಸಿಗೆ ಬಟ್ಟೆಗಳನ್ನು ಅದಲುಬದಲು ಮಾಡಿ ಒಂದರ ವಾಸನೆ ಇನ್ನೊಂದಕ್ಕೆ ರೂಢಿಯಾಗಲು ಬಿಡಿ.