‘ಸೈನ್’ ಪರೀಕ್ಷೆಯಲ್ಲಿ ಫೇಲಾದ ಡಿಕ್ಷನರಿ ಆ್ಯಪ್

ಅನುವಾದ ನನ್ನ ದಿನದ ಕೆಲಸ. ಈ ಇಂಗ್ಲಿಷ್-ಕನ್ನಡ ಆ್ಯಪ್ ಹಾಕಿಕೊಂಡು ಮೂರು ತಿಂಗಳಾಯಿತು. ಹೊಸ ಡಿಕ್ಷನರಿ ಸಿಕ್ಕರೆ ನಾನು ಮೊದಲು ಹುಡುಕುವುದು ‘ಸೈನ್’ (sign). ಪದ ಪುಟ್ಟದು, ಹೊಟ್ಟೆ ದೊಡ್ಡದು. ಕಾಗದದ ಮೇಲೆ ಸಹಿ, ರಸ್ತೆಯಲ್ಲಿ ಫಲಕ, ಆಕಾಶದಲ್ಲಿ ರಾಶಿ, ಕೈಯಲ್ಲಿ ಸನ್ನೆ, ಮಳೆಗೆ ಮೊದಲು ಸೂಚನೆ, ಲೆಕ್ಕದಲ್ಲಿ ಚಿಹ್ನೆ.

ಈ ಆ್ಯಪ್ ಕೊಟ್ಟಿದ್ದು ಎರಡೇ: ಸಹಿ, ಗುರುತು. ಅವಸರದಲ್ಲಿ ಅದನ್ನೇ ನಂಬಿ ‘ಸೈನ್ ಲ್ಯಾಂಗ್ವೇಜ್’ಗೆ ‘ಗುರುತಿನ ಭಾಷೆ’ ಎಂದು ಬರೆದುಬಿಟ್ಟೆ. ಸಂಪಾದಕರು ಕೆಂಪು ಗೆರೆ ಎಳೆದು, ‘ಸನ್ನೆ ಭಾಷೆ ಅಲ್ವಾ?’ ಎಂದು ವಾಪಸ್ ಕಳಿಸಿದರು. ಮರ್ಯಾದೆ ಹೋಯಿತು.

ವೈದ್ಯಕೀಯ ಬರಹದಲ್ಲಂತೂ ಕೇಳಲೇಬೇಡಿ. ರೋಗಿ ತಾನೇ ಹೇಳಿಕೊಳ್ಳುವ ತಲೆನೋವು ‘ಸಿಂಪ್ಟಮ್’. ವೈದ್ಯರು ಮುಟ್ಟಿ ನೋಡಿ, ಅಳೆದು ಕಂಡುಕೊಳ್ಳುವ ಊತ, ಬಿಪಿ ‘ಸೈನ್’. ಕನ್ನಡದಲ್ಲಿ ನಾವು ಎರಡಕ್ಕೂ ಸುಮ್ನೆ ‘ಲಕ್ಷಣ’ ಎನ್ನುತ್ತೇವೆ. ಹಾಗಾಗಿ ಇಲ್ಲಿ ಒಂದು ಸಾಲಿನ ವಿವರಣೆ ಬೇಕೇ ಬೇಕಿತ್ತು. ಆ್ಯಪ್‌ಗೆ ಅದರ ಗಾಳಿಯೂ ಸೋಕಿಲ್ಲ.

ಧ್ವನಿಯಿಂದ ಹುಡುಕಿದರೆ ಇನ್ನೂ ಮಜಾ. ತ್ರಿಕೋನಮಿತಿಯ ಸೈನ್ (sine) ಎದುರಿಗೆ ಬಂದು ನಿಲ್ಲುತ್ತದೆ! ಅದರ ಸ್ಪೆಲಿಂಗೇ ಬೇರೆ, ಮೂಲವೂ ಬೇರೆ. ಕೇಳುವುದಕ್ಕೆ ಮಾತ್ರ ಒಂದೇ.

ಪದಮೂಲದ ಪುಟ ಮಾತ್ರ ಚೆನ್ನಾಗಿದೆ. ಲ್ಯಾಟಿನ್ನಿನ ‘ಸಿಗ್ನಮ್’ನಿಂದ ಸೈನ್, ಸಿಗ್ನಲ್, ಸಿಗ್ನೇಚರ್ ಬಂದ ದಾರಿ ತೋರಿಸುತ್ತಾರೆ. ಸಮ ಚಿಹ್ನೆಯನ್ನು (=) ಗಣಿತಜ್ಞ ರಾಬರ್ಟ್ ರೆಕಾರ್ಡ್ 1557ರಲ್ಲಿ ಬಳಕೆಗೆ ತಂದದ್ದೂ ಅಲ್ಲಿದೆ. ಇಷ್ಟೆಲ್ಲ ಗೊತ್ತಿದ್ದವರು ‘ಚಿಹ್ನೆ’ ಎಂಬ ಅರ್ಥವನ್ನೇ ಬಿಟ್ಟಿದ್ದು ಹೇಗೋ!

ಐದಕ್ಕೆ ಎರಡು ಸ್ಟಾರ್. ಇಂಟರ್ನೆಟ್ ಇಲ್ಲದಿದ್ದರೂ ತೆರೆಯುತ್ತದೆ, ಅದಕ್ಕೇ ಇನ್ನೂ ಡಿಲೀಟ್ ಮಾಡಿಲ್ಲ.