ಹದಿನಾರು ಅಡಿಯ ದೋಣಿಗೆ ಡೌನ್‌ರಿಗರ್: ಕ್ಲ್ಯಾಂಪ್, ಅಡ್ಡಹಲಗೆ, ಟ್ರ್ಯಾಕ್

ಅಮೆರಿಕದ ಮಿಶಿಗನ್ ಸರೋವರದ ಪೂರ್ವ ದಡದಲ್ಲಿ, ಮಸ್ಕೀಗನ್‌ನಿಂದ ಲಡಿಂಗ್ಟನ್‌ವರೆಗಿನ ನೀರಿನಲ್ಲಿ, ಬೇಸಿಗೆಯ ಶನಿವಾರಗಳನ್ನು ಸಾಲ್ಮನ್ ಹಿಂದೆ ಕಳೆಯುವವನು ನಾನು. ದೋಣಿ ದೊಡ್ಡದಲ್ಲ. 16 ಅಡಿಯ ಅಲ್ಯುಮಿನಿಯಮ್ ತಗಡಿನ ದೋಣಿ, ಹಿಂದೆ ಕೂತು ಹಿಡಿಕೆ ತಿರುಗಿಸಿ ನಡೆಸುವ ಔಟ್‌ಬೋರ್ಡ್ ಎಂಜಿನ್. ಗಾಳವನ್ನು ಆಳದಲ್ಲಿ ಹಿಡಿದಿಡುವ ಡೌನ್‌ರಿಗರ್ ಎಂಬ ಉಪಕರಣವನ್ನು ಇದಕ್ಕೆ ಕೂರಿಸಲು ಮೂರು ವಿಧಾನಗಳನ್ನು ಮಾಡಿ ನೋಡಿದ್ದೇನೆ. ಕ್ಲ್ಯಾಂಪ್ ಗ್ಯಾರೇಜಿನ ಮೂಲೆ ಸೇರಿದೆ, ಅಡ್ಡಹಲಗೆ ನಮ್ಮ ಭಾವನವರ ದೋಣಿಗೆ ಹೋಗಿದೆ, ಟ್ರ್ಯಾಕ್ ನನ್ನ ದೋಣಿಯಲ್ಲಿ ಉಳಿದಿದೆ. ಆದ್ದರಿಂದ ಇದನ್ನು ನಿಷ್ಪಕ್ಷಪಾತ ಹೋಲಿಕೆ ಎಂದು ಯಾರೂ ಓದಬೇಕಾಗಿಲ್ಲ.

ಈ ಉಪಕರಣವನ್ನು ನೋಡದವರಿಗೆ ಸ್ವಲ್ಪ ಹಿನ್ನೆಲೆ. ಈ ಸರೋವರಕ್ಕೆ ಸಾಲ್ಮನ್ ಹೊರಗಿನಿಂದ ಬಂದ ಮೀನು. ಏಲ್‌ವೈಫ್ ಎಂಬ ಸಣ್ಣ ಮೀನು ಮಿತಿಮೀರಿ ಹೆಚ್ಚಿ, ಸತ್ತು ದಡದುದ್ದಕ್ಕೂ ರಾಶಿ ಬೀಳುತ್ತಿದ್ದ ಕಾಲದಲ್ಲಿ ಅದನ್ನು ತಿನ್ನಲೆಂದು ಮಿಶಿಗನ್ ರಾಜ್ಯದವರು 1966ರಲ್ಲಿ ಕೋಹೋ ಎಂಬ ಜಾತಿಯ ಸಾಲ್ಮನ್ ಮರಿಗಳನ್ನೂ ಮರುವರ್ಷ ಚಿನೂಕ್ ಎಂಬ ಜಾತಿಯ ಮರಿಗಳನ್ನೂ ತಂದು ಬಿಟ್ಟರು. ಚಿನೂಕ್‌ಗೆ ಹಿತವಾಗುವುದು 10ರಿಂದ 13 ಡಿಗ್ರಿ ಸೆಲ್ಸಿಯಸ್ ನೀರು. ಜುಲೈ, ಆಗಸ್ಟ್‌ನಲ್ಲಿ ಮೇಲಿನ ನೀರು 20 ಡಿಗ್ರಿ ದಾಟಿದಾಗ ಅದು ಹದಿನೈದೋ ಇಪ್ಪತ್ತೈದೋ ಮೀಟರ್ ಕೆಳಗಿನ ತಣ್ಣೀರಿನ ಪದರಕ್ಕೆ ಇಳಿಯುತ್ತದೆ. ದೋಣಿ ಗಂಟೆಗೆ ಮೂರೂವರೆ, ನಾಲ್ಕು ಕಿಲೋಮೀಟರ್ ವೇಗದಲ್ಲಿ ಸಾಗುತ್ತಿರುವಾಗಲೇ ಗಾಳವನ್ನು ಆ ಆಳದಲ್ಲಿ ಹಿಡಿದಿಡಬೇಕು. ಅದಕ್ಕೆ ಡೌನ್‌ರಿಗರ್. ಬಾವಿಯ ರಾಟೆಯನ್ನು ದೋಣಿಯ ಅಂಚಿಗೆ ತಂದಿಟ್ಟಂತೆ ಒಂದು ಉರುಳೆ, ಒಂದು ತೋಳು, ತೆಳು ಉಕ್ಕಿನ ತಂತಿ, ತುದಿಯಲ್ಲಿ 10 ಪೌಂಡಿನ, ಅಂದರೆ ನಾಲ್ಕೂವರೆ ಕಿಲೋದ ಸೀಸದ ಗುಂಡು. ಗಾಳದ ದಾರವನ್ನು ಗುಂಡಿನ ಬಳಿ ಒಂದು ಚಿಮುಟಕ್ಕೆ ಸಿಕ್ಕಿಸುತ್ತೇವೆ. ಮೀನು ಕಚ್ಚಿದೊಡನೆ ದಾರ ಚಿಮುಟದಿಂದ ಬಿಡಿಸಿಕೊಳ್ಳುತ್ತದೆ.

ನಾಲ್ಕೂವರೆ ಕಿಲೋ ಏನು ಮಹಾ ಎನಿಸಬಹುದು. ತೊಂದರೆ ತೂಕದ್ದಲ್ಲ, ತೋಳಿನದು. ಎರಡು ಅಡಿ ಉದ್ದದ ತೋಳಿನ ತುದಿಯಲ್ಲಿ ತೂಗುವ ಗುಂಡು ಬುಡವನ್ನು ಸದಾ ಮೀಟುತ್ತಿರುತ್ತದೆ. ಅಲೆ ದೋಣಿಯನ್ನು ಎತ್ತಿ ಕುಕ್ಕಿದಾಗಲೆಲ್ಲ ಆ ಮೀಟು ಏಟಾಗುತ್ತದೆ. ಗುಂಡು ತಳದ ಕಲ್ಲಿಗೆ ಸಿಕ್ಕಿಕೊಂಡರೆ ಕಥೆಯೇ ಬೇರೆ. ಆ ತಂತಿ ಹರಿಯಲು ಸಾಮಾನ್ಯವಾಗಿ 150 ಪೌಂಡ್, ಸುಮಾರು 68 ಕಿಲೋ ಎಳೆತ ಬೇಕು. ಅಷ್ಟರೊಳಗೆ ಬುಡ ಕಿತ್ತು ಬರಬಹುದು, ಇಲ್ಲವೇ ದೋಣಿಯ ಹಿಂಬದಿ ತಗ್ಗಿ ಅಲೆ ಒಳಗೆ ನುಗ್ಗಬಹುದು. ಯಾವ ವಿಧಾನವನ್ನೇ ಆರಿಸಿ, ಉರುಳೆಯ ಬ್ರೇಕನ್ನು ಗುಂಡು ಜಾರದಷ್ಟು ಮಾತ್ರ ಬಿಗಿಯಬೇಕು. ತಂತಿ ತಾನಾಗಿ ಬಿಚ್ಚಿಕೊಳ್ಳುವ ಅವಕಾಶ ಇರಲೇಬೇಕು.

ಕ್ಲ್ಯಾಂಪ್ ವಿಷಯ ಬೇಗ ಮುಗಿಸುತ್ತೇನೆ. ಡ್ರಿಲ್ ಬೇಡ, ಅಂಚಿಗೆ ಸಿಕ್ಕಿಸಿ ತಿರುಗಣೆ ಬಿಗಿದರೆ ಆಯಿತು. ಶಾಂತ ನೀರಿನಲ್ಲಿ, ಹಗುರ ಗುಂಡಿಗೆ ಸರಿಯಾಗಿಯೇ ಕೆಲಸ ಮಾಡುತ್ತದೆ. ಆದರೆ ಅದಕ್ಕೆ ಹಿಡಿಯಲು ಚಪ್ಪಟೆಯಾದ, ದಪ್ಪನೆಯ ಅಂಚು ಬೇಕು. ನನ್ನ ದೋಣಿಯಂಥವುಗಳ ಮೇಲಂಚು ದುಂಡಗೆ ಮಡಚಿರುತ್ತದೆ. ಎಷ್ಟೇ ಬಿಗಿದರೂ ಅಲೆ ಎದ್ದ ಮೇಲೆ ಕ್ಲ್ಯಾಂಪ್ ಹಿಂದಕ್ಕೆ ವಾಲತೊಡಗುತ್ತದೆ, ತೋಳು ನೀರಿನತ್ತ ಬಾಗುತ್ತದೆ. "ಮೀನು ಹಿಡಿಯಲು ಕರೆದೆಯೋ, ಕ್ಲ್ಯಾಂಪ್ ಹಿಡಿಯಲು ಕರೆದೆಯೋ ಮಾರಾಯ?" ಎಂದು ಭಾವ ಕೇಳಿದ್ದರಲ್ಲಿ ಅತಿಶಯೋಕ್ತಿ ಇರಲಿಲ್ಲ. ಬಾಡಿಗೆ ದೋಣಿ ತೆಗೆದುಕೊಳ್ಳುವವರಿಗೆ ಬೇರೆ ದಾರಿಯಿಲ್ಲ, ಅವರು ಕೊಳ್ಳಲಿ. ಡೌನ್‌ರಿಗರಿನಿಂದ ಆಸನದ ಕಾಲಿಗೆ ಒಂದು ಗಟ್ಟಿ ಹಗ್ಗವನ್ನು ಮಾತ್ರ ಮರೆಯದೆ ಕಟ್ಟಲಿ.

ಅಡ್ಡಹಲಗೆಯ ಬಗ್ಗೆ ನನಗೆ ಗೌರವವಿದೆ. ಹತ್ತು ಅಂಗುಲ ಅಗಲದ ಗಟ್ಟಿ ಹಲಗೆಯನ್ನು ದೋಣಿಯ ಹಿಂಬದಿಗೆ ಅಡ್ಡಲಾಗಿ, ಎರಡೂ ಅಂಚುಗಳ ಮೇಲೆ ಕೂರುವಂತೆ ಇಟ್ಟು, ಅದರ ಎರಡು ತುದಿಗಳಿಗೆ ಎರಡು ಡೌನ್‌ರಿಗರ್. ಮೀಟುವ ಬಲವೆಲ್ಲ ಹಲಗೆಯ ಉದ್ದಕ್ಕೆ ಹಂಚಿಹೋಗುವುದರಿಂದ ತಗಡು ಅಲುಗುವುದಿಲ್ಲ. ಬೇಡವಾದಾಗ ಹಲಗೆ ಸಮೇತ ಎತ್ತಿ ಗೋಡೆಗೆ ಒರಗಿಸಬಹುದು. ಖರ್ಚಿನಲ್ಲಿ ಇದನ್ನು ಮೀರಿಸುವ ವಿಧಾನವಿಲ್ಲ. ಮರದ ಆಯ್ಕೆಯಲ್ಲಿ ಒಂದು ಎಚ್ಚರ: ಅಂಗಡಿಯಲ್ಲಿ ಸಿಗುವ ಹಸಿರು ಛಾಯೆಯ, ಕೊಳೆಯದಂತೆ ಔಷಧ ಹೊಡೆದ ಮರವನ್ನು ಅಲ್ಯುಮಿನಿಯಮ್ ಮೇಲೆ ನೇರವಾಗಿ ಇಡಬಾರದು. 2004ರಿಂದೀಚೆಗೆ ಅಮೆರಿಕದಲ್ಲಿ ಮನೆಬಳಕೆಯ ಮರಕ್ಕೆ ಆರ್ಸೆನಿಕ್ ಬಿಟ್ಟು ತಾಮ್ರ ಹೆಚ್ಚಿರುವ ದ್ರಾವಣಗಳನ್ನು ಬಳಸುತ್ತಾರೆ. ಒದ್ದೆಯಾದಾಗ ಆ ತಾಮ್ರ ಅಲ್ಯುಮಿನಿಯಮ್ಮನ್ನು ತಿನ್ನುತ್ತದೆ. ಸಾದಾ ಮರಕ್ಕೆ ವಾರ್ನಿಷ್ ಹೊಡೆದು, ಕೆಳಗೆ ರಬ್ಬರ್ ಹಾಸು ಕೊಟ್ಟರೆ ಸಾಕು.

ಹಾಗಾದರೆ ಹಲಗೆ ನನ್ನ ದೋಣಿಯಿಂದ ಏಕೆ ಹೋಯಿತು? ಎಂಜಿನ್ನಿನ ಹಿಡಿಕೆಯಿಂದಾಗಿ. ನಾನು ಕೂರುವುದೇ ಹಿಂದಿನ ಆಸನದಲ್ಲಿ. ಹಿಡಿಕೆ ಓಡಾಡುವ ಜಾಗದ ಮೇಲೆಯೇ ಹಲಗೆ ಬರುತ್ತದೆ. ದಡಕ್ಕೆ ಬಂದಾಗ ಎಂಜಿನ್ ಮೇಲೆತ್ತಿದರೆ ಅದರ ತಲೆ ಹಲಗೆಗೆ ಬಡಿಯುತ್ತದೆ. ಇನ್ನೂ ಮುಖ್ಯವಾದ ಮಾತು, ತೋಳುಗಳು ನೇರ ಹಿಂದಕ್ಕೆ ಚಾಚುವುದರಿಂದ ತಂತಿಗಳು ಪ್ರೊಪೆಲರಿಗೆ ತೀರ ಹತ್ತಿರವಾಗುತ್ತವೆ. ಗಾಳಿ ಜೋರಾಗಿ ದೋಣಿಯನ್ನು ಚುರುಕಾಗಿ ತಿರುಗಿಸಬೇಕಾದಾಗ ಒಳಬದಿಯ ತಂತಿ ಎಲ್ಲಿದೆ ಎಂದು ನೋಡುತ್ತಲೇ ಇರಬೇಕು. ಎರಡು ಡೌನ್‌ರಿಗರ್, ಎಂಜಿನ್, ಪೆಟ್ರೋಲ್ ಡಬ್ಬಿ, ನಾನು, ಎಲ್ಲರೂ ಹಿಂದೆಯೇ ಕೂತರೆ 20 ಅಂಗುಲ ಎತ್ತರದ ಹಿಂಗೋಡೆಗೂ ನೀರಿಗೂ ನಡುವೆ ಹೆಚ್ಚು ಅಂತರ ಉಳಿಯುವುದಿಲ್ಲ. ಭಾವನವರದು ಅಗಲವಾದ, ನಡುವೆ ಸ್ಟಿಯರಿಂಗ್ ಇರುವ ದೋಣಿ. ಅವರಿಗೆ ಈ ಯಾವ ತಾಪತ್ರಯವೂ ಇಲ್ಲ.

ಇನ್ನು ಟ್ರ್ಯಾಕ್. ಮೇಲಂಚಿನ ಮೇಲೆ ಬೋಲ್ಟ್ ಹಾಕಿ ಕೂರಿಸುವ ಅಲ್ಯುಮಿನಿಯಮ್ ಹಳಿ ಇದು. ನಡುವಿನ ಸೀಳಿನಲ್ಲಿ ಡೌನ್‌ರಿಗರಿನ ಬುಡ ಜಾರಿಕೊಂಡು ಬಂದು ಬೇಕಾದಲ್ಲಿ ಬಿಗಿಯಾಗುತ್ತದೆ. ನಾನು ಎರಡೂ ಬದಿಗೆ ಒಂದೊಂದು ಅಡಿ ಉದ್ದದ್ದನ್ನು, ನನ್ನ ಮೊಣಕೈಗಿಂತ ತುಸು ಮುಂದಕ್ಕೆ ಹಾಕಿದ್ದೇನೆ. ತೋಳುಗಳು ಪಕ್ಕಕ್ಕೆ ಚಾಚುತ್ತವೆ, ತಂತಿಗಳು ಪ್ರೊಪೆಲರಿನಿಂದ ದೂರ ಇರುತ್ತವೆ, ಭಾರ ಮುಂದಕ್ಕೆ ಬರುತ್ತದೆ. ಬುಡದ ಕೆಳಗೆ ತಿರುಗುವ ತಟ್ಟೆಯೊಂದನ್ನು ಸೇರಿಸಿಕೊಂಡರೆ ತೋಳನ್ನು ಒಳಕ್ಕೆ ತಿರುಗಿಸಿ, ಕೂತಲ್ಲಿಂದಲೇ ದಾರ ಸಿಕ್ಕಿಸಬಹುದು. ದೋಣಿಯಿಂದ ಹೊರಕ್ಕೆ ಬಾಗುವ ಕೆಲಸವೇ ತಪ್ಪುತ್ತದೆ. ಈಜು ಬಾರದ ಗೆಳೆಯರು ಜೊತೆಗೆ ಬರುವ ದಿನ ಇದು ಸಣ್ಣ ಸಂಗತಿಯಲ್ಲ.

ಕೂರಿಸುವ ಕೆಲಸದಲ್ಲಿ ಮಾತ್ರ ಇದು ನನ್ನ ಸಹನೆಯನ್ನು ಪರೀಕ್ಷಿಸಿತು. ಮೇಲಂಚಿನ ತಗಡು ಎರಡು ಮಿಲಿಮೀಟರ್ ಆಸುಪಾಸು. ಅದಕ್ಕೆ ಬರಿಯ ವಾಷರ್ ಕೊಟ್ಟು ಬಿಗಿದರೆ ತಗಡು ಉಬ್ಬಿ ತಗ್ಗಿ, ಕೊನೆಗೆ ತೂತಿನ ಸುತ್ತ ಬಿರುಕು ಬಿಡುತ್ತದೆ. ಆದ್ದರಿಂದ ಕೆಳಗಡೆಯಿಂದ 6 ಮಿಲಿಮೀಟರ್ ದಪ್ಪದ ಅಲ್ಯುಮಿನಿಯಮ್ ಪಟ್ಟಿಯೊಂದನ್ನು ಒತ್ತುಕೊಟ್ಟು, ಬೋಲ್ಟ್‌ಗಳು ಹಳಿ, ತಗಡು, ಪಟ್ಟಿ ಮೂರನ್ನೂ ದಾಟಿ ಬರುವಂತೆ ಮಾಡಬೇಕು. ಪಟ್ಟಿ ಹೋಗಬೇಕಾದ ಜಾಗದಲ್ಲಿ ದೋಣಿ ಮುಳುಗದಿರಲೆಂದು ತುಂಬಿದ ಫೋಮ್ ಇರುತ್ತದೆ. ಪಟ್ಟಿಗೆ ಬೇಕಾದಷ್ಟನ್ನು ಮಾತ್ರ ಚಾಕುವಿನಿಂದ ಕೆತ್ತಿ ತೆಗೆಯಬೇಕು. ಇಷ್ಟರ ಮಟ್ಟಿಗೆ ಬೇಸರವಿಲ್ಲ.

ಬೇಸರ ನಟ್ಟಿನದು. ನೀರಿನ ಕೆಲಸವೆಂದು ಬೋಲ್ಟ್, ನಟ್ಟು ಎರಡೂ ಸ್ಟೇನ್‌ಲೆಸ್. ಎಂಜಿನ್ ಅದುರಿಕೆಗೆ ಸಡಿಲವಾಗಬಾರದೆಂದು ಒಳಗೆ ನೈಲಾನ್ ಬಳೆ ಇರುವ ನೈಲಾಕ್ ನಟ್ಟು. ಅಂಗೈ ಮಾತ್ರ ತೂರುವ ಸಂದಿನಲ್ಲಿ, ದೋಣಿಯೊಳಗೆ ಬೆನ್ನ ಮೇಲೆ ಮಲಗಿ, ಸ್ಪ್ಯಾನರಿಗೆ ನಟ್ಟನ್ನು ಟೇಪಿನಿಂದ ಅಂಟಿಸಿ ಹಿಡಿದುಕೊಳ್ಳುತ್ತೇವೆ. ಮೇಲಿನಿಂದ ಇನ್ನೊಬ್ಬರು ಬೋಲ್ಟ್ ತಿರುಗಿಸುತ್ತಾರೆ. ಅರ್ಧ ದಾರಿ ಸಲೀಸಾಗಿ ಬಂದ ನಟ್ಟು ಅಲ್ಲಿಯೇ ಕಚ್ಚಿಕೊಳ್ಳುತ್ತದೆ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಹಳಿ ಇನ್ನೂ ಸಡಿಲ, ಬೋಲ್ಟ್ ಮಾತ್ರ ಬೆಸುಗೆ ಹಾಕಿದಷ್ಟು ಗಟ್ಟಿ.

ನಿಜವಾಗಿಯೂ ಅದು ಒಂದು ಬಗೆಯ ಬೆಸುಗೆಯೇ. ಸ್ಟೇನ್‌ಲೆಸ್ ಉಕ್ಕಿಗೆ ತುಕ್ಕು ಹಿಡಿಯದಂತೆ ಕಾಯುವುದು ಮೇಲ್ಮೈಯಲ್ಲಿರುವ ಕ್ರೋಮಿಯಮ್ ಆಕ್ಸೈಡಿನ ತೆಳು ಪೊರೆ. ಒಂದೇ ಜಾತಿಯ ಲೋಹದ ಬೋಲ್ಟ್, ನಟ್ಟುಗಳ ತಿರುಗಣೆ ಎಳೆಗಳು ಒತ್ತಡದಲ್ಲಿ ಉಜ್ಜಿಕೊಂಡಾಗ ಪೊರೆ ಹರಿದು, ಬರಿಯ ಲೋಹಕ್ಕೆ ಬರಿಯ ಲೋಹ ಅಂಟುತ್ತದೆ. ನೈಲಾನ್ ಬಳೆಯ ಬಿಗಿ, ಪವರ್ ಡ್ರಿಲ್ಲಿನ ವೇಗ, ಅದರಿಂದ ಏಳುವ ಬಿಸಿ, ಮೂರೂ ಸೇರಿದರೆ ಅಂಟುವುದು ಇನ್ನೂ ಬೇಗ. ಬಿಡಿಸಲು ಬಲ ಹಾಕಿದಷ್ಟೂ ಹೆಚ್ಚು ಕಚ್ಚುತ್ತದೆ. ಕೊನೆಗೆ ಉಳಿಯುವುದು ಕತ್ತರಿಸುವುದೊಂದೇ. ಮೇಲಿನಿಂದ ತಲೆಯನ್ನು ಕೊರೆದು ತೆಗೆಯೋಣವೆಂದರೆ ಡ್ರಿಲ್ ಕೊರೆಯದೆ ಉಜ್ಜಿದಂತೆಲ್ಲ ಆ ಉಕ್ಕು ಮತ್ತಷ್ಟು ಗಡುಸಾಗುತ್ತದೆ. ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ, ಹಳಿ ಮತ್ತು ತಗಡಿನ ನಡುವಿನ ಸಂದಿನಲ್ಲಿ ತೂರಿಸಿ ಗರಗಸವಾಡಿಸುತ್ತ ಕೂತರೆ ಸಂಜೆಯ ಕಾಫಿ ತಣ್ಣಗಾಗುತ್ತದೆ, ಮನೆಯವರು ಗ್ಯಾರೇಜಿನ ಬಾಗಿಲಿಗೆ ಬಂದು ಏನೂ ಮಾತಾಡದೆ ಹಿಂತಿರುಗುತ್ತಾರೆ.

ಪರಿಹಾರ ಬಹಳ ಸುಲಭದ್ದು ಎಂಬುದೇ ಸಿಟ್ಟು ಬರಿಸುವ ಸಂಗತಿ. ಆಂಟಿ-ಸೀಜ್ ಎಂಬ ಬೂದುಬಣ್ಣದ ಲೇಪ ಯಾವ ವಾಹನದ ಬಿಡಿಭಾಗದ ಅಂಗಡಿಯಲ್ಲೂ ಸಿಗುತ್ತದೆ. ಬೋಲ್ಟಿನ ಎಳೆಗಳಿಗೆ ಅದನ್ನು ತೆಳ್ಳಗೆ ಸವರಿ, ಡ್ರಿಲ್ ಬದಿಗಿಟ್ಟು, ಕೈ ಸ್ಪ್ಯಾನರಿನಲ್ಲಿ ನಿಧಾನವಾಗಿ ತಿರುಗಿಸಿದರೆ ಒಂದು ನಟ್ಟೂ ಕಚ್ಚುವುದಿಲ್ಲ. ಟ್ರ್ಯಾಕಿನ ಜೊತೆ ಬಂದ ಸೂಚನೆಯ ಹಾಳೆಯಲ್ಲಿ ಜೀವರಕ್ಷಕ ಜಾಕೆಟ್ ಧರಿಸಬೇಕೆಂಬ ಉಪದೇಶವಿತ್ತು, ಈ ಲೇಪದ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಉಳಿದ ಮಾತುಗಳು ಚಿಕ್ಕವು. ತೂತುಗಳಿಗೆ ಸೀಲಂಟ್ ಹಾಕಿ, ಆದರೆ ಎಂದೆಂದಿಗೂ ಬಿಡದೆ ಅಂಟುವ ಬಗೆ ಬೇಡ. ಮುಂದೊಮ್ಮೆ ಹಳಿ ತೆಗೆಯಬೇಕಾದರೆ ತಗಡೂ ಅದರೊಡನೆ ಬಾಗುತ್ತದೆ. ಹಳಿಯಿಲ್ಲದೆ ಡೌನ್‌ರಿಗರಿನ ಬುಡವನ್ನೇ ನೇರವಾಗಿ ಅಂಚಿಗೆ ಬೋಲ್ಟ್ ಮಾಡುವವರೂ ಇದ್ದಾರೆ. ಗಟ್ಟಿ ಅಂಚಿನ ಫೈಬರ್‌ಗ್ಲಾಸ್ ದೋಣಿಗೆ ಅದು ಸಾಕು, ಜಾಗ ಬದಲಿಸುವ ಆಸೆ ಇರಬಾರದಷ್ಟೆ. ಗಾಳದ ಕೋಲು ನಿಲ್ಲಿಸುವ ಕೊಳವೆಯೊಳಗೆ ಸಿಕ್ಕಿಸುವ ಬುಡಗಳೂ ಸಿಗುತ್ತವೆ, ನನ್ನ ದೋಣಿಯಲ್ಲಿ ಅಂಥ ಕೊಳವೆಯೇ ಇಲ್ಲ.

ಹಣದ ಮಾತು. ಹಲಗೆಗೆ, ವಾರ್ನಿಷ್ ಮತ್ತು ಕಬ್ಬಿಣದ ಸಾಮಾನು ಸೇರಿ, 50 ಡಾಲರ್ ದಾಟಲಿಲ್ಲ. ಕ್ಲ್ಯಾಂಪ್ ಜೋಡಿಗೆ ನೂರರ ಹತ್ತಿರ. ಎರಡು ಹಳಿ, ಜಾರುವ ಬುಡಗಳು, ತಿರುಗುವ ತಟ್ಟೆಗಳು, ಪಟ್ಟಿ, ಬೋಲ್ಟ್ ಎಲ್ಲ ಕೂಡಿ ಟ್ರ್ಯಾಕಿಗೆ 350ರ ಆಸುಪಾಸು. ನನ್ನ ಡೌನ್‌ರಿಗರ್‌ಗಳು ಕೈಯಿಂದ ಸುತ್ತುವ ಅಗ್ಗದವು, ಹಳೆಯ ಸಾಮಾನಿನ ಮಾರಾಟದಲ್ಲಿ ಕೊಂಡವು. ಅವನ್ನು ಕೂರಿಸಲು ಅವುಗಳ ಬೆಲೆಗಿಂತ ಹೆಚ್ಚು ಕೊಟ್ಟದ್ದು ಹುಚ್ಚಾಟ ಎಂದು ಭಾವ ಈಗಲೂ ಹೇಳುತ್ತಾರೆ. ಅವರ ಲೆಕ್ಕ ಅವರಿಗೆ ಸರಿ. ನನ್ನ ಲೆಕ್ಕದಲ್ಲಿ ಭಾನುವಾರವೂ ಇದೆ. ಶನಿವಾರ ಸಾಲ್ಮನ್ ದೋಣಿಯಾಗಿದ್ದದ್ದು ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ಮನೆಯ ಹತ್ತಿರದ ಸಣ್ಣ ಕೆರೆಗೆ ಹೋಗಬೇಕು. ಎರಡು ತಿರುಗಣೆ ಸಡಿಲಿಸಿದರೆ ಡೌನ್‌ರಿಗರ್ ಜಾರಿ ಕೈಗೆ ಬರುತ್ತದೆ, ಅಂಚಿನಲ್ಲಿ ಉಳಿಯುವುದು ಬೆರಳೆತ್ತರದ ಹಳಿ ಮಾತ್ರ. ಅದೇ ಸೀಳಿಗೆ ಮಕ್ಕಳ ಗಾಳದ ಕೋಲಿನ ಹಿಡಿಕೆ ಕೂರುತ್ತದೆ.

ವರ್ಷಕ್ಕೆ ಒಂದೆರಡು ಸಲ ಮಾತ್ರ ದೊಡ್ಡ ನೀರಿಗೆ ಹೋಗುವವರು, ಸ್ಟಿಯರಿಂಗ್ ಇರುವ ದೋಣಿಯವರು ಹಲಗೆಯನ್ನೇ ಮಾಡಿಕೊಳ್ಳಲಿ. ಹಿಡಿಕೆಯ ಎಂಜಿನ್ ಇದ್ದು, ಪ್ರತಿ ವಾರ ಹೋಗುವವರು ಟ್ರ್ಯಾಕ್ ಹಾಕಿಸಿ. ತರಿಸುವ ಮೊದಲು ಎರಡು ಕೆಲಸ ಮಾಡಿ. ಅಂಚಿನ ಕೆಳಗೆ ಕೈ ಹಾಕಿ ತಡವಿ, ಆಧಾರದ ಪಕ್ಕೆಲುಬುಗಳ ನಡುವೆ ಎಷ್ಟು ಉದ್ದ ಖಾಲಿ ಇದೆ ಎಂದು ಅಳೆಯಿರಿ, ಹಳಿ ಅದಕ್ಕಿಂತ ಉದ್ದ ಬೇಡ. ನಿಮ್ಮ ಡೌನ್‌ರಿಗರಿನ ಬುಡದ ತೂತುಗಳ ಅಂತರವನ್ನೂ ಬರೆದಿಟ್ಟುಕೊಳ್ಳಿ. ಕ್ಯಾನನ್ ಕಂಪನಿಯ ಡೌನ್‌ರಿಗರ್ ಬುಡಕ್ಕೆ ಕೊರೆದ ತಟ್ಟೆ ಸ್ಕಾಟಿ ಕಂಪನಿಯದಕ್ಕೆ ಹೊಂದುವುದಿಲ್ಲ, ಮಾರುವವರು ಅದನ್ನು ಕೇಳದೆ ಹೇಳುವುದೂ ಇಲ್ಲ.