ಮೇಲಿನ ಮನೆ ಬಚ್ಚಲು ಸೋರಿದರೆ: ಪುಟ್ಟಿ, ಇಂಜೆಕ್ಷನ್, ಎಪಾಕ್ಸಿ ಮೂರನ್ನೂ ಮಾಡಿಸಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ. ಮೇಲಿನ ಮನೆಯಿಂದ ನೀರು ಸೋರುತ್ತಿದ್ದರೆ ನಿಮ್ಮ ಸೀಲಿಂಗಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಮೇಲೆ ಹೋಗಿ, ಅವರ ಬಚ್ಚಲ ಟೈಲ್ಸ್ ಸಂದಿ ಕೆರೆಸಿ, ಎಪಾಕ್ಸಿ (ಬೆರೆಸಿ ತುಂಬಿದ ಮೇಲೆ ಗಟ್ಟಿಯಾಗಿ ನೀರು ಬಿಡದ ಅಂಟು) ತುಂಬಿಸಿ. ಈ ಬುದ್ಧಿ ನನಗೆ ಬಂದಿದ್ದು ಕೆಳಗಿನಿಂದ ಎರಡು ಸಲ ರಿಪೇರಿ ಮಾಡಿಸಿ 18 ಸಾವಿರ ಕಳೆದುಕೊಂಡ ಮೇಲೆ.

ನಮ್ಮದು ದಾವಣಗೆರೆ, ವಿದ್ಯಾನಗರದ ಕಡೆ. 12 ಮನೆಗಳ ಸಣ್ಣ ಅಪಾರ್ಟ್‌ಮೆಂಟು, ನಾವು ಮೊದಲನೇ ಮಹಡಿ. ಮೇಲಿನ ಮನೆಯ ಮಾಲೀಕರು ಇರುವುದು ಬೆಂಗಳೂರಿನಲ್ಲಿ. ಬಾಡಿಗೆಗೆ ನಾಲ್ಕು ಜನರ ಕುಟುಂಬ ಇದೆ. ಆ ಅಕ್ಕ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ, ಮೋಟಾರ್ ಹಾಕಿದ ಮಷೀನು, ಮದುವೆ ಸೀಸನ್ ಬಂತೆಂದರೆ ರಾತ್ರಿ 12ರ ತನಕ ನಮ್ಮ ಮಂಚದ ನೆತ್ತಿಯ ಮೇಲೇ ಗರ್ರ್ ಗರ್ರ್. ಎದುರು ಮನೆ ಅಜ್ಜ ಕಾಟನ್ ಮಿಲ್ಲಿನಲ್ಲಿ ಕೆಲಸ ಮಾಡಿದವರು. "ಊರಿನ ಮಿಲ್ಲೆಲ್ಲ ಮುಚ್ಚಿದ್ವು, ನಿಮ್ಮನೇಲಿ ಮಾತ್ರ ಇನ್ನೂ ನೈಟ್ ಶಿಫ್ಟ್ ನಡೀತೈತಲ್ರೀ" ಅಂತ ನಗುತ್ತಿದ್ದರು. ಮೇಲಿನಿಂದ ನೀರೂ ಬರುತ್ತಿತ್ತು, ಸದ್ದೂ ಬರುತ್ತಿತ್ತು.

ಮೊದಲು ಪುಟ್ಟಿ. ಪೇಂಟರ್ ಬಂದು ನಮ್ಮ ಬಚ್ಚಲ ಸೀಲಿಂಗಿನ ಕಲೆ ನೋಡಿದ, ಕೆರೆದ, ವಾಟರ್‌ಪ್ರೂಫ್ ಪ್ರೈಮರ್ ಬಳಿದ, ಪುಟ್ಟಿ ಹಚ್ಚಿದ, ಬಣ್ಣ ಹೊಡೆದ. 4,500 ರೂಪಾಯಿ. ನಲವತ್ತು ದಿನ ಚೆನ್ನಾಗಿತ್ತು. ಆಮೇಲೆ ಬಣ್ಣ ನಿಧಾನಕ್ಕೆ ಉಬ್ಬಿತು, ಒಂದು ಬೆಳಿಗ್ಗೆ ಹಪ್ಪಳದಷ್ಟು ಅಗಲದ ಚಕ್ಕೆ ಕಳಚಿ ಸ್ನಾನದ ಬಕೆಟ್ಟಿಗೇ ಬಿತ್ತು. ಸ್ಲ್ಯಾಬಿನ ಮೇಲೆ ನೀರು ನಿಂತಿರುವಾಗ ಕೆಳಗೆ ಏನು ಬಳಿದರೂ ಅಷ್ಟೇ, ನೀರು ಅದನ್ನು ಹಿಂದಿನಿಂದ ತಳ್ಳಿ ಬೀಳಿಸುತ್ತದೆ.

ಎರಡನೆಯದು ಇಂಜೆಕ್ಷನ್. ಸೀಲಿಂಗಿಗೆ ಸಾಲಾಗಿ ತೂತು ಕೊರೆದು, ನಳಿಕೆ ಸಿಗಿಸಿ, ಪಂಪಿನಿಂದ ಕೆಮಿಕಲ್ ಒತ್ತುತ್ತಾರೆ. ಅದು ಒಳಗೆ ನೊರೆಯಾಗಿ ಉಬ್ಬಿ ಬಿರುಕು ಮುಚ್ಚುತ್ತದೆ. ಮಾಡಿದವರ ಹೆಸರು ಬೇಡ. ಕೆಲಸ ನೀಟಾಗಿಯೇ ಮಾಡಿದರು, 13,500 ತಗೊಂಡರು. ಸೀಲಿಂಗಿನ ಕಲೆ ಒಣಗಿತು, ನಾನು ಸಂಬಂಧಿಕರಿಗೆಲ್ಲ ಫೋಟೋ ಕಳಿಸಿದೆ. ಎರಡು ತಿಂಗಳಿಗೆ ಪ್ಯಾಸೇಜಿನ ಲೈಟ್ ಪಾಯಿಂಟಿನಿಂದ ನೀರು ತೊಟ್ಟಿಕ್ಕಲು ಶುರು! ಮೇಲೆ ತುಂಬಿಕೊಂಡ ನೀರಿಗೆ ಹಳೇ ದಾರಿ ಮುಚ್ಚಿತ್ತು, ವೈರಿನ ಪೈಪಿನಲ್ಲಿ ಹೊಸ ದಾರಿ ಸಿಕ್ಕಿತ್ತು. ಎಂಸಿಬಿ, ಅಂದರೆ ಕರೆಂಟ್ ತಾನಾಗಿ ಕಡಿಯುವ ಸ್ವಿಚ್ಚು, ಬಿದ್ದಿದ್ದಕ್ಕೆ ಬಚಾವ್. ಸ್ಲ್ಯಾಬಿನಲ್ಲಿ ನಿಜವಾಗಿ ಒಂದು ಬಿರುಕು ಇದ್ದು, ಮೇಲೆ ಹೋಗಲು ದಾರಿಯೇ ಇಲ್ಲದಿದ್ದರೆ ಇಂಜೆಕ್ಷನ್ ಸರಿ ಇರಬಹುದು. ಬಚ್ಚಲಿನ ಕೆಳಗೆ ಬೇಡವೇ ಬೇಡ.

ಕಾರಣ ಸರಳ. ನಮ್ಮ ಕಡೆ ಅಪಾರ್ಟ್‌ಮೆಂಟಿನ ಬಚ್ಚಲ ಸ್ಲ್ಯಾಬನ್ನು ಸಾಮಾನ್ಯವಾಗಿ ಒಂದಡಿ ತಗ್ಗಿಸಿ ಹಾಕಿರುತ್ತಾರೆ. ಆ ತಗ್ಗಿನಲ್ಲಿ ಪೈಪು, ಅದರ ಸುತ್ತ ಇಟ್ಟಿಗೆ ಚೂರು, ಮೇಲೆ ಟೈಲ್ಸ್. ಟೈಲ್ಸ್ ಸಂದಿಯಲ್ಲಿರುವ ವೈಟ್ ಸಿಮೆಂಟು ವರ್ಷಗಳಲ್ಲಿ ಸವೆದು ಹೋಗುತ್ತದೆ, ಆಸಿಡ್ ಹಾಕಿ ತೊಳೆಯುವ ಮನೆಯಲ್ಲಂತೂ ಇನ್ನೂ ಬೇಗ. ಅಲ್ಲಿಂದ ದಿನಾ ಇಷ್ಟಿಷ್ಟೇ ನೀರು ಇಳಿದು ಆ ಇಟ್ಟಿಗೆ ಚೂರು ನೆನೆದು ಸ್ಪಂಜಿನ ಹಾಗೆ ಆಗಿರುತ್ತದೆ. ನೀವು ಕೆಳಗೆ ನಿಂತು ಒಂದು ತೂತು ಮುಚ್ಚಿದರೆ ಅದು ಇನ್ನೊಂದು ಹುಡುಕುತ್ತದೆ.

ಎಪಾಕ್ಸಿಗೆ ಮೊದಲು ಸೋರುವುದು ಎಲ್ಲಿ ಅಂತ ಹುಡುಕಬೇಕು. ಇದಕ್ಕೆ ಖರ್ಚಿಲ್ಲ, ತಾಳ್ಮೆ ಬೇಕು. ರಾತ್ರಿ ಅವರ ಬಚ್ಚಲಿನ ಗೇಟ್ ವಾಲ್ವ್ ಬಂದ್ ಮಾಡಿಸಿದೆವು. ಆದರೂ ಹನಿ ಬೀಳುವುದು ಮೊದಲಿನಷ್ಟೇ ಇತ್ತು, ಅಂದರೆ ನಲ್ಲಿ ಲೈನಿನದ್ದಲ್ಲ. ಮಾರನೇ ದಿನ ನೆಲದ ಜಾಲರಿಗೆ ಬಟ್ಟೆ ತುರುಕಿ, ಎರಡು ಇಂಚು ನೀರು ನಿಲ್ಲಿಸಿ, ಬಟ್ಟೆಗೆ ಹಾಕುವ ನೀಲಿ ಅರ್ಧ ಬಾಟಲಿ ಸುರಿದೆವು. ಬೆಳಿಗ್ಗೆ 9ಕ್ಕೆ ಸುರಿದಿದ್ದು. ಸಂಜೆ 4ಕ್ಕೆ ನಮ್ಮ ಬಕೆಟ್ಟಿನಲ್ಲಿ ತೆಳು ನೀಲಿ ನೀರು. ಇಷ್ಟು ದಿನ "ನಮ್ಮದಲ್ಲ, ಅದು ಕೆಳಗಿನವರ ಪೈಪೇ ಇರಬೇಕು" ಅನ್ನುತ್ತಿದ್ದ ಮಾಲೀಕರಿಗೆ ಆ ಬಕೆಟ್ಟಿನ ವಿಡಿಯೋ ಕಳಿಸಿದೆ. ಅರ್ಧ ಗಂಟೆಯಲ್ಲಿ ಫೋನ್ ಬಂತು, ಅರ್ಧ ದುಡ್ಡು ಕೊಡುತ್ತೇನೆ ಅಂದರು. ಅದಕ್ಕೂ ಮೊದಲು 2,000 ಕೊಟ್ಟು ವಕೀಲರಿಂದ ನೋಟಿಸ್ ಕಳಿಸಿದ್ದೆ. ಅದಕ್ಕೆ ಉತ್ತರವೇ ಬಂದಿರಲಿಲ್ಲ.

ಇನ್ನು ಎಪಾಕ್ಸಿಯ ದೊಡ್ಡ ತಲೆನೋವಿಗೆ ಬರುತ್ತೇನೆ. ದುಡ್ಡೂ ಅಲ್ಲ, ಕೆಲಸವೂ ಅಲ್ಲ. ಮೂರು ದಿನ ಆ ಬಚ್ಚಲಿಗೆ ಒಂದು ಹನಿ ನೀರು ಬೀಳಬಾರದು. ಹಳೇ ಸಿಮೆಂಟು ಕೆರೆದು ತೆಗೆದ ಮೇಲೆ ಸಂದಿ ಒಣಗಲು ಒಂದು ದಿನ, ಎಪಾಕ್ಸಿ ತುಂಬಿದ ಮೇಲೆ ಗಟ್ಟಿಯಾಗಲು ಎರಡು ದಿನ. ಹಸಿ ಸಂದಿಗೆ ತುಂಬಿದರೆ ಅದು ಕಚ್ಚಿಕೊಳ್ಳುವುದೇ ಇಲ್ಲ, ಆಮೇಲೆ ಪಟ್ಟಿ ಪಟ್ಟಿಯಾಗಿ ಎದ್ದು ಬರುತ್ತದೆ ಎಂದು ಟೈಲ್ಸ್ ಮೇಸ್ತ್ರಿ ಕೈಮುಗಿದು ಹೇಳಿದ. ನಮ್ಮ ಮನೆಗಳಲ್ಲಿ ಟಾಯ್ಲೆಟ್ ಬೇರೆ, ಅದಕ್ಕೇನೂ ತೊಂದರೆ ಇರಲಿಲ್ಲ. ಆದರೆ ಸ್ನಾನದ ಬಚ್ಚಲು ಒಂದೇ.

ಮಾಲೀಕರಿಗೆ ಏನು, ಬೆಂಗಳೂರಿನಲ್ಲಿ ಕೂತು "ಮಾಡಿಸಿ" ಅಂದರು. ಬಾಡಿಗೆಗೆ ಇರುವವರು ಎಲ್ಲಿಗೆ ಹೋಗಬೇಕು? ಇಬ್ಬರು ಮಕ್ಕಳು, ಶಾಲೆ ಬೇರೆ ಇದೆ. ಎರಡು ವಾರ ಇದೇ ಎಳೆದಾಟ. ಒಂದು ಸಲ ಮೇಸ್ತ್ರಿ ಸಾಮಾನು ಹಿಡಿದು ಬಂದೇಬಿಟ್ಟಿದ್ದ, ಅವತ್ತು ಅವರ ಊರಿಂದ ಅತ್ತೆ ಬಂದಿದ್ದರು. ವಾಪಸ್. ಇನ್ನೊಂದು ಸಲ ಹಬ್ಬ. ಮೇಸ್ತ್ರಿ ನನ್ನ ಫೋನ್ ಎತ್ತುವುದನ್ನೇ ಬಿಟ್ಟ.

ಕೊನೆಗೆ ನನ್ನ ಹೆಂಡತಿಯೇ ಮೇಲೆ ಹೋಗಿ "ಮೂರು ದಿನ ನಮ್ಮನೆಗೇ ಬಂದುಬಿಡ್ರೀ ಅಕ್ಕ, ಗೀಸರ್ ಐತಿ" ಅಂದುಬಂದಳು. ನನಗೆ ಸಿಟ್ಟು ಬಂತು. ಸೋರುವುದು ಅವರ ಬಚ್ಚಲು, ಸ್ನಾನ ನಮ್ಮ ಬಚ್ಚಲಲ್ಲಾ? ಆದರೆ ಬೇರೆ ದಾರಿ ಇರಲಿಲ್ಲ. ಬೆಳಿಗ್ಗೆ ಆರಕ್ಕೇ ಬೆಲ್. ಟವಲ್, ಸೋಪಿನ ಡಬ್ಬಿ, ತಮ್ಮದೇ ತಂಬಿಗೆ ಹಿಡಿದುಕೊಂಡು ನಾಲ್ಕೂ ಜನ ಸಾಲಾಗಿ. ಗೀಸರ್ 15 ಲೀಟರಿನದು, ಮೂರನೆಯವರಿಗೇ ತಣ್ಣಗಾಗುತ್ತಿತ್ತು. ನಾನು ಮೂರು ದಿನವೂ ತಣ್ಣೀರು ಸ್ನಾನ ಮಾಡಿ ಆಫೀಸಿಗೆ ಹೋದೆ.

ಎರಡನೇ ದಿನ ಒಂದು ತಮಾಷೆ ಆಯಿತು. ಅಕ್ಕ ತಲೆಗೆ ನೀರು ಹಾಕಿಕೊಂಡು, ಕೂದಲಿಗೆ ಟವಲ್ ಸುತ್ತಿ, ನಮ್ಮ ರೂಮಿನಲ್ಲಿ ನನ್ನ ಹೆಂಡತಿಯ ಜೊತೆ ಮಾತಾಡುತ್ತ ನಿಂತಿದ್ದರು. ಮೇಲೆ ಅವರ ಮಗಳು ಸುಮ್ನೆ ಮಷೀನ್ ಓಡಿಸಿದಳು. ಗರ್ರ್ ಅಂತು. ಕಪಾಟಿನ ಮೇಲಿದ್ದ ಸ್ಟೀಲ್ ಡಬ್ಬಿಯ ಮುಚ್ಚಳ ಸಣ್ಣಗೆ ನಡುಗಿತು. ಅಕ್ಕ ಮಾತು ನಿಲ್ಲಿಸಿ ಮೇಲೆ ನೋಡಿದರು. "ಅಯ್ಯೋ, ಇಷ್ಟು ಕೇಳ್ತೈತಾ? ಒಂದು ಮಾತು ಹೇಳಬಾರ್ದಾ ಅಣ್ಣಾ?" ನಾನು ಹೇಳಿರಲಿಲ್ಲ. ಪೊರಕೆ ಕೋಲಿನಿಂದ ಸೀಲಿಂಗಿಗೆ ಕುಟ್ಟಿದ್ದೆ, ಅಸೋಸಿಯೇಷನ್ನಿಗೆ ಅರ್ಜಿ ಬರೆದಿದ್ದೆ, ಲಿಫ್ಟಿನಲ್ಲಿ ಮುಖ ತಿರುಗಿಸಿದ್ದೆ. ಬಾಯಿಬಿಟ್ಟು ಮಾತ್ರ ಹೇಳಿರಲಿಲ್ಲ.

ಸದ್ದಿಗೆ ನಾನು ನೋಡಿದ ಬೇರೆ ದಾರಿಗಳು ಹೀಗಿದ್ದವು. ಕಿವಿಗೆ ಹತ್ತಿ: ನಡುಗುವುದು ಮಂಚ, ಹತ್ತಿ ಏನು ಮಾಡುತ್ತದೆ. ಅಸೋಸಿಯೇಷನ್: "ನಿಮ್ಮಿಬ್ಬರ ವಿಷಯ" ಅಂದರು, ಮುಗೀತು. ಫಾಲ್ಸ್ ಸೀಲಿಂಗ್: 120 ಚದರಡಿ ರೂಮಿಗೆ ಒಬ್ಬರು 11 ಸಾವಿರ ಹೇಳಿದರು. ಸದ್ಯ, ಮಾಡಿಸಲಿಲ್ಲ. ಮಾತಿನ ಸದ್ದು, ಟೀವಿ ಸದ್ದು ಗಾಳಿಯಲ್ಲಿ ಬರುತ್ತದೆ. ಮಷೀನು, ಒನಕೆ, ಕುರ್ಚಿ ಎಳೆಯುವ ಸದ್ದು ಸ್ಲ್ಯಾಬಿನಲ್ಲಿ ಇಳಿದು ಗೋಡೆಗೂ ಹಬ್ಬುತ್ತದೆ. ಅದೇ ಸ್ಲ್ಯಾಬಿಗೆ ಕಂಬಿ ಹೊಡೆದು ನೇತುಹಾಕಿದ ಜಿಪ್ಸಮ್ ಹಲಗೆ ಅದನ್ನು ಎಷ್ಟು ತಡೆದೀತು?

ಪೊಲೀಸರ ವಿಚಾರವೂ ತಲೆಯಲ್ಲಿ ಓಡಿತ್ತು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಮನೆಗಳಿರುವ ಜಾಗದಲ್ಲಿ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ 45 ಡೆಸಿಬಲ್ ಮಿತಿ. ಫೋನಿನ ಆ್ಯಪ್‌ನಲ್ಲಿ ಅಳೆದರೆ ನಮ್ಮ ರೂಮಿನಲ್ಲಿ 42 ತೋರಿಸಿತು. ನಿದ್ದೆ ಹಾಳಾಗಲು ಅಷ್ಟು ಸಾಕು, 112ಕ್ಕೆ ಫೋನ್ ಮಾಡಲು ಸಾಲದು. ಮಧ್ಯರಾತ್ರಿ ಡಿಜೆ ಹಾಕುವವರು ಮೇಲಿದ್ದರೆ ಲೆಕ್ಕ ಬೇರೆ. ಬ್ಲೌಸ್ ಹೊಲಿದು ಮನೆ ನಡೆಸುವವರ ಬಾಗಿಲಿಗೆ ಪೊಲೀಸರನ್ನು ಕಳಿಸುವುದು ನನ್ನಿಂದ ಆಗುವ ಕೆಲಸವೂ ಅಲ್ಲ.

ಕೆಲಸ ಮಾಡಿದ್ದು ದನದ ಮ್ಯಾಟು! ಹೌದು, ಕೊಟ್ಟಿಗೆಯಲ್ಲಿ ಹಸುವಿನ ಕಾಲಡಿ ಹಾಸುವ ದಪ್ಪ ರಬ್ಬರ್ ಮ್ಯಾಟು. ಹೊಲಿಗೆ ಅಂಗಡಿಯಲ್ಲಿ ಸಿಗುವ ತೆಳು ಫೋಮ್ ಮೊದಲು ತಂದಿದ್ದೆವು, ಮಷೀನಿನ ಕಾಲು ನಾಲ್ಕೇ ದಿನಕ್ಕೆ ಅದನ್ನು ಒತ್ತಿ ಕಾಗದ ಮಾಡಿತು. ದನದ ಮ್ಯಾಟು ಹಾಗಾಗಲಿಲ್ಲ. ಹಳ್ಳಿಯಿಂದ ನನ್ನ ಭಾವ ಒಂದು ಹಳೆಯದು ಕಳಿಸಿದ. ಎರಡು ತುಂಡು ಮಾಡಿ ಒಂದರ ಮೇಲೊಂದು ಹಾಕಿದೆವು. ಮಷೀನನ್ನು ರೂಮಿನ ನಡುವಿನಿಂದ ತೆಗೆದು ಹಾಲ್ ಮೂಲೆಗೆ, ಪಿಲ್ಲರ್ ಪಕ್ಕಕ್ಕೆ ಸರಿಸಿದೆವು. ಸ್ಲ್ಯಾಬು ನಡುವೆ ಜಾಸ್ತಿ ನಡುಗುತ್ತದೆ, ಪಿಲ್ಲರ್ ಹತ್ತಿರ ಕಮ್ಮಿ. ಈಗ ಸದ್ದು ಪೂರ್ತಿ ಹೋಗಿದೆಯಾ? ಇಲ್ಲ. ಫ್ಯಾನ್ ಹಾಕಿದರೆ ಕೇಳುವುದಿಲ್ಲ, ನನಗೆ ಅಷ್ಟು ಸಾಕು.

ಎಪಾಕ್ಸಿಗೆ ಸಾಮಾನು, ಕೂಲಿ ಸೇರಿ 6,800 ಆಯಿತು, ನನ್ನ ಪಾಲು 3,400. ಜಾಲರಿಯ ಸುತ್ತ ಮತ್ತು ಗೋಡೆ ನೆಲ ಸೇರುವ ಮೂಲೆಯಲ್ಲಿ ಮೇಸ್ತ್ರಿ ಎರಡು ಸಲ ತುಂಬಿದ, ನಿಂತು ನೋಡಿಕೊಳ್ಳಬೇಕಾದ ಜಾಗ ಅದೇ. ಮಾಡಿಸಿದ ಮೇಲೂ ಹನ್ನೊಂದು ದಿನ ಹನಿ ಬಿತ್ತು. ನನ್ನ ಎದೆ ಧಸಕ್ ಅಂದಿತ್ತು. ಮಳೆ ನಿಂತರೂ ಮರದ ಹನಿ ನಿಲ್ಲುವುದಿಲ್ಲವಲ್ಲ, ಒಳಗಿದ್ದ ನೀರು ಇಳಿದು ಮುಗಿಯಬೇಕಿತ್ತು. ಹನ್ನೆರಡನೇ ದಿನ ಬಕೆಟ್ ಒಣಗಿತ್ತು.

ಎಲ್ಲರಿಗೂ ಇದೇ ಸಾಕು ಅನ್ನುವುದಿಲ್ಲ. ನೀಲಿ ನೀರನ್ನು ಜಾಲರಿಯೊಳಗೆ ಮಾತ್ರ ಸುರಿದಾಗಲೂ ಕೆಳಗೆ ಬಣ್ಣ ಬಂದರೆ ಪೈಪೇ ಬಿಟ್ಟಿದೆ ಅಂತ, ಆಗ ಟೈಲ್ಸ್ ಒಡೆದು ಮಾಡಿಸುವುದೇ. ಅದಕ್ಕೆ ನಮಗೆ ಹೇಳಿದ್ದ ರೇಟು 45 ಸಾವಿರ. ಸೀಲಿಂಗಿನಲ್ಲಿ ಕಬ್ಬಿಣ ಕಾಣುತ್ತಿದ್ದರೆ ತಡಮಾಡಬೇಡಿ. ತುಕ್ಕು ಹಿಡಿದ ಕಂಬಿ ಉಬ್ಬಿ ಕಾಂಕ್ರೀಟನ್ನೇ ಒಡೆಯುತ್ತದೆ, ಅದಕ್ಕೆ ಇಂಜಿನಿಯರ್ ನೋಡಬೇಕು, ಮೇಸ್ತ್ರಿ ಸಾಲದು.

ಸೀಲಿಂಗಿಗೆ ನಾನಿನ್ನೂ ಬಣ್ಣ ಹೊಡೆಸಿಲ್ಲ. ಪೇಂಟರ್ ಎರಡು ಸಲ ಫೋನ್ ಮಾಡಿದ. ಕಲೆಯ ಅಂಚಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ದಿನಾಂಕ ಬರೆದಿದ್ದೇನೆ. ಎರಡು ತಿಂಗಳಾಯಿತು, ಕಲೆ ಗೆರೆ ದಾಟಿಲ್ಲ. ದಿನಾ ಹಲ್ಲುಜ್ಜುವಾಗ ಒಂದು ಸಲ ಕತ್ತೆತ್ತಿ ನೋಡುತ್ತೇನೆ.